ಪುನರ್ಪುಳಿ ಬಣ್ಣದ ಸೀರೆ

ಅಮ್ಮನ ಹೊಸ ಸೀರೆಯ ಬಣ್ಣವೇ ಸುಳ್ಳು ಎಂದು ನಾನು ನೆರೆಹೊರೆಯವರ ಎದುರು ಸಾಧಿಸಿ ತೋರಿಸಿದ್ದೆ. ಆಗ ನಾನು ಹದಿಮೂರು ವರ್ಷದ ಹುಡುಗಿ. (ಆ ವಯಸ್ಸಿನಲ್ಲಿ ಗೊತ್ತಿಲ್ಲದ್ದು ಏನಿರುತ್ತದೆ ಹೇಳಿ?)

ಎಪ್ಪತ್ತರ ದಶಕ, ಕರಾವಳಿಯ ಕಾಪು. ನೆರೆಮನೆಯ ಬಾಬಣ್ಣ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಕಾರ್ಕಳದಲ್ಲಿ ಚಿಕ್ಕಮ್ಮನ ಮದುವೆ. ಅದಕ್ಕೆಂದೇ ಅಮ್ಮ ಅವರಲ್ಲಿ ಹೇಳಿ ನೇಯಿಸಿದ ಸೀರೆ ಅದು. ಅಮ್ಮ ಹಾಗೆ ಹೇಳಿ ಮಾಡಿಸಿಕೊಂಡದ್ದು ಜೀವನದಲ್ಲಿ ಅದೊಂದೇ. ಬಣ್ಣ? ಕೆಂಪಲ್ಲ, ನೇರಳೆಯೂ ಅಲ್ಲ. ಬಿಸಿಲಿಗೆ ಹಿಡಿದ ಪುನರ್ಪುಳಿ ಹಣ್ಣಿನ ಶರಬತ್ತು!

ಅದೇ ವಾರ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಪ್ರಿಸಂ ಹಿಡಿದು ಗೋಡೆಯ ಮೇಲೆ ಕಾಮನಬಿಲ್ಲಿನ ಏಳು ಬಣ್ಣ ಬೀಳಿಸಿದ್ದರು. ನಾನು ಬಿಡುತ್ತೇನೆಯೇ? ಸೀರೆ ನೋಡಲು ಹೆಂಗಸರೆಲ್ಲ ಸೇರಿದ್ದಾಗ ಆ ಏಳು ಬಣ್ಣ ಬರೆದುಕೊಂಡ ನೋಟ್ಸ್ ತೆರೆದೆ.

"ಅಮ್ಮಾ, ಈ ಬಣ್ಣ ಇದರಲ್ಲಿ ಇಲ್ಲ. ಅಂದರೆ ಇಂಥ ಬಣ್ಣವೇ ಇಲ್ಲ!"

ಎಲ್ಲರೂ ನಕ್ಕರು. ಅಮ್ಮನೂ ನಕ್ಕು ಸೀರೆ ಮಡಚಿಟ್ಟರು.

ಮರುದಿನ ಬಾಬಣ್ಣನಿಗೂ ಪಾಠ ಹೇಳಲು ಹೋದೆ. ಅವರು ಮಗ್ಗ ನಿಲ್ಲಿಸಿ, ಅದೇ ಬಣ್ಣದ ಇನ್ನೊಂದು ಸೀರೆಯ ಅಂಚಿನಿಂದ ಎರಡು ಎಳೆ ಎಳೆದರು. ಉದ್ದದ್ದು ಕೆಂಪು, ಅಡ್ಡದ್ದು ನೀಲಿ.

"ನೋಡು ಮಗಾ, ನಾನು ಆ ಬಣ್ಣ ಹಾಕಿಯೇ ಇಲ್ಲ."

"ಮತ್ತೆ ಕಾಣುವುದು ಎಂತ?"

"ಅದು ನೋಡುವವರ ಕಣ್ಣಿನ ಕೆಲಸ. ನನ್ನದು ನೂಲು ಮಾತ್ರ ಅಲ್ವಾ?"

ಇದನ್ನು ಅಮ್ಮನಿಗೆ ಹೇಳಿದೆನೆ? ಇಲ್ಲ. ಸೋತೆ ಎಂದು ಒಪ್ಪಿಕೊಳ್ಳಬೇಕಲ್ಲ!

ಮದುವೆಗೆ ಅಮ್ಮ ಹಳೆಯ ಹಸಿರು ಸೀರೆಯಲ್ಲೇ ಬಂದರು. "ಹೊಸತು ಎಲ್ಲಿ ಅಕ್ಕಾ?" ಎಂದು ಚಿಕ್ಕಮ್ಮ ಕೇಳಿದರು.

"ಅಂಥ ಬಣ್ಣವೇ ಇಲ್ಲವಂತೆ. ಮಗಳು ಸೈನ್ಸ್ ಕಲಿಯುತ್ತಾಳಲ್ಲ, ಅವಳಿಗೆ ಗೊತ್ತುಂಟು."

ಬೇಸರದಿಂದ ಅಂದಿದ್ದರೆ ತಡೆದುಕೊಳ್ಳಬಹುದಿತ್ತು. ಅಮ್ಮ ಹೇಳಿದ್ದು ಹೆಮ್ಮೆಯಿಂದ! ಊಟದ ಪಂಕ್ತಿಯಲ್ಲಿ ಪಾಯಸ ಬಂದಾಗ ಎಲೆಗೆ ಕೈ ಅಡ್ಡ ಹಿಡಿದೆ. ಆ ಸೀರೆಯನ್ನು ಅಮ್ಮ ಕೊನೆಯವರೆಗೂ ಉಡಲಿಲ್ಲ.

ಕಳೆದ ವಾರ ಕಣ್ಣು ತೋರಿಸಲು ಮಣಿಪಾಲಕ್ಕೆ ಹೋಗಿದ್ದೆ. ಸುಮ್ಮನೆ ಡಾಕ್ಟರಲ್ಲಿ ಕೇಳಿದೆ, ಪುನರ್ಪುಳಿ ಬಣ್ಣ ಕಾಮನಬಿಲ್ಲಿನಲ್ಲಿ ಎಲ್ಲಿ ಉಂಟು ಎಂದು.

"ಎಲ್ಲಿಯೂ ಇಲ್ಲ," ಎಂದರು ಆಕೆ. "ಕೆಂಪೂ ನೀಲಿಯೂ ಒಟ್ಟಿಗೆ ಕಣ್ಣಿಗೆ ಬಂದು, ನಡುವಿನ ಹಸಿರು ಬಾರದೆ ಇದ್ದಾಗ ನಮ್ಮ ಮಿದುಳೇ ಅದನ್ನು ಮಾಡಿಕೊಳ್ಳುತ್ತದೆ."

ಮನೆಗೆ ಬಂದು ಟ್ರಂಕ್ ತೆರೆದೆ. ಮಡಿಕೆ ಮುರಿಯದ ಸೀರೆ, ಅದೇ ಬಣ್ಣ. ತುಂಬಾ ಅತ್ತೆ.

ಕಾಮನಬಿಲ್ಲಿನ ಮಟ್ಟಿಗೆ ಅಂದು ನಾನು ಹೇಳಿದ್ದು ಸರಿಯೇ ಇತ್ತು. ಹೇಳಲೇಬೇಕಿತ್ತಾ?