ಹಿಟ್ನಾಳದ ಗುಡಾರದಲ್ಲಿದ್ದಾಗ ಹೇಳಿದ ಸತ್ಯ

ದೀಪಾವಳಿ ಮುಗಿಯಿತೆಂದರೆ ಅಂಜನಾದ್ರಿ ಗುಡ್ಡಕ್ಕೆ ದರ್ಶನಕ್ಕೆಂದು ಹೋಗುವ ಜನ ಹೆಚ್ಚುತ್ತಾರೆ. ಆ ನಾಲ್ಕು ತಿಂಗಳ ಮಟ್ಟಿಗೆ ಹಿಟ್ನಾಳದ ಹತ್ತಿರ, ಹೆದ್ದಾರಿಯ ಪಕ್ಕ, ತಗಡಿನ ಚಪ್ಪರ ಹಾಕಿ ಒಂದು ಖಾನಾವಳಿ ನಡೆಸುತ್ತಿದ್ದರು. ಎರಡು ಚಳಿಗಾಲ ಅಲ್ಲಿ ನಾನು ಬಡಿಸುವ ಕೆಲಸ ಮಾಡಿದೆ. ಚಪ್ಪರದ ಹಿಂದೆ ನೀಲಿ ತಾಡಪತ್ರಿಯ ಗುಡಾರ. ಅದರಲ್ಲಿ ನಾನು, ರೊಟ್ಟಿ ಬಡಿಯುವ ಒಬ್ಬ ಆಯಿ, ನಮ್ಮಿಬ್ಬರ ಟ್ರಂಕು. ಲಾರಿ ಹೋದಾಗಲೆಲ್ಲ ತಾಡಪತ್ರಿ ಉಬ್ಬಿ ಇಳಿಯುತ್ತಿತ್ತು. "ಉಸಿರಾಡ್ತೈತಿ ನೋಡು ನಮ್ಮ ಮನಿ. ಕಲ್ಲಿನ ಮನ್ಯಾಗ ಇರೋರಿಗೆ ಈ ಭಾಗ್ಯ ಎಲ್ಲೈತಿ?" ಎನ್ನುತ್ತಿದ್ದಳು ಆಯಿ.

ಹನುಮಸಾಗರದ ಕಡೆಯ ನಮ್ಮ ಊರಿನಲ್ಲಿ ಅವ್ವ, ತಂಗಿ ಬಿಟ್ಟರೆ ಯಾರಿಗೂ ಇದು ಗೊತ್ತಿರಲಿಲ್ಲ. ಹೆಣ್ಣುಮಗಳು ರಸ್ತೆ ಬದಿ ಗುಡಾರದಲ್ಲಿ ಮಲಗಿ, ಕಂಡಕಂಡವರ ಎಂಜಲು ತಾಟು ಎತ್ತುತ್ತಾಳೆ ಎಂದರೆ ನಮ್ಮ ಕಡೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಕೇಳಿದವರಿಗೆ ಅವ್ವ, "ಕೊಪ್ಪಳದಾಗ ಹಾಸ್ಟೆಲಿನ್ಯಾಗ ಅಡಿಗಿ ಮಾಡ್ತಾಳ್ರಿ, ಇರಾಕ ರೂಮು ಕೊಟ್ಟಾರ" ಎನ್ನುತ್ತಿದ್ದಳು.

ತಂಗಿಯನ್ನು ನೋಡಲು ಯಲಬುರ್ಗಾ ಕಡೆಯವರು ಬಂದಾಗಲೂ ಅದನ್ನೇ ಹೇಳಿದಳು. ರಜೆ ಹಾಕಿ ಹೋಗಿದ್ದ ನಾನು ಹೌದೆಂದು ತಲೆ ಆಡಿಸಿದೆ. ಅವರು ಚಹಾ, ಚೂಡಾ ಅಷ್ಟೇ ತೆಗೆದುಕೊಂಡರು. ಸಂಬಂಧ ಒಪ್ಪುವವರೆಗೆ ಗಂಡಿನವರು ಹೆಣ್ಣಿನವರ ಕೈ ಊಟ ಉಣ್ಣುವುದಿಲ್ಲ; ಉಂಡರೆ ಒಪ್ಪಿದ ಹಾಗೆ. "ವಾರದಾಗ ಹೇಳಿ ಕಳಸ್ತೀವ್ರಿ," ಎಂದು ಹುಡುಗನ ತಾಯಿ ಎದ್ದಳು. ಹುಡುಗ ಹಿಡಿಸಿದ ಎಂದು ತಂಗಿ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆ ಸಂಜೆ ಯಾರೂ ಹೇಳದೆ ಇಡೀ ಹಿತ್ತಲು ಗುಡಿಸಿದಳು.

ಐದನೆಯ ದಿನ ಮಧ್ಯಾಹ್ನ ಚಪ್ಪರದ ಮುಂದೆ ಒಂದು ಟೆಂಪೊ ನಿಂತಿತು. ಗುಡ್ಡ ಹತ್ತಿ ಬಂದ ಹೆಂಗಸರು ಇಳಿದರು. ನಡುವೆ ಹುಡುಗನ ತಾಯಿ.

ಒಲೆಯ ಹಿಂದೆ ಸರಿದು ಆಯಿಗೆ ಎಲ್ಲ ಹೇಳಿದೆ. "ಈ ಪಂಕ್ತಿ ನೀನ ಬಡಿಸು," ಎಂದೆ.

ಆಯಿ ಹಿಟ್ಟಿನ ಕೈ ತೋರಿಸಿದಳು. "ರೊಟ್ಟಿ ನಿಮ್ಮಪ್ಪ ಬಡಿತಾನೇನು? ಸೆರಗು ಹೊತ್ಕೊಂಡು ಹೋಗು. ಹಸದೋರು ತಾಟ ನೋಡ್ತಾರ, ಮಾರಿ ನೋಡಂಗಿಲ್ಲ."

ಅದು ನಿಜವೇ. ಸೆರಗು ಕಚ್ಚಿಕೊಂಡು ಚಟ್ನಿ, ಪಲ್ಯ, ರೊಟ್ಟಿ ಇಡುತ್ತ ಹೋದೆ, ಯಾರೂ ತಲೆ ಎತ್ತಲಿಲ್ಲ. ಆದರೆ ಹುಡುಗನ ತಾಯಿಯ ತಾಟಿಗೆ ರೊಟ್ಟಿ ಇಟ್ಟ ಮೇಲೆ ನನ್ನ ಕಾಲು ಮುಂದಕ್ಕೆ ಹೋಗಲಿಲ್ಲ. ಹೆಣ್ಣಿನವರ ಕೈ ಊಟ ಎಂದು ಗೊತ್ತಿಲ್ಲದೆ ಉಂಡು, ನಾಳೆ ಗೊತ್ತಾದರೆ, ಮೋಸ ಮಾಡಿ ಉಣಿಸಿದರು ಎನ್ನುತ್ತಾಳೆ. ಆ ಮಾತು ತಂಗಿಯ ಬೆನ್ನಿಗೆ ಜೀವನಪೂರ್ತಿ ಇರುತ್ತದೆ.

ಸೆರಗು ಸರಿಸಿದೆ. "ನಾನ್ರಿ, ಹುಡುಗಿ ಅಕ್ಕ. ನೀವು ರೊಟ್ಟಿ ಮುರಿಯೂಕಿಂತ ಮೊದಲ ಹೇಳಬೇಕು ಅನಿಸ್ತು."

ಅವಳ ಕೈ ರೊಟ್ಟಿಯ ಮೇಲೆ ನಿಂತಿತು. "ಹಾಸ್ಟೆಲು ಅಂದಿದ್ರಿ?"

"ಸುಳ್ರಿ. ಹಿಂದ ಗುಡಾರ ಐತಿ, ಅದರಾಗ ಇರ್ತೀನಿ."

"ನಿಮ್ಮ ತಂಗೀಗೂ ಗೊತ್ತೈತಿ?"

"ಗೊತ್ತೈತ್ರಿ," ಎಂದುಬಿಟ್ಟೆ. ಸತ್ಯ ಹೇಳುವ ಓಟದಲ್ಲಿದ್ದೆ, ನಿಲ್ಲಲಾಗಲಿಲ್ಲ.

ಪಕ್ಕದವಳು, "ಯಾಕಬೇ ಯಕ್ಕಾ, ಮದುಮಗಳಂಗ ಕುಂತಿ? ಉಣ್ಣು" ಎಂದು ಚೇಷ್ಟೆ ಮಾಡಿದಳು. "ಹೊಟ್ಟಿ ಸರಿ ಇಲ್ಲ," ಎಂದು ಇವಳು ತಾಟನ್ನು ಅವಳ ಕಡೆಗೆ ಸರಿಸಿದಳು. ಬರೀ ನೀರು ಕುಡಿದಳು. ಸಿಟ್ಟೇನೂ ಕಾಣಲಿಲ್ಲ. ಟೆಂಪೊ ಹತ್ತುವಾಗ, "ಮಲಗೂ ಜಾಗ ಜ್ವಾಕಿ, ಲಾರಿ ಭಾಳ ಓಡಾಡ್ತಾವ" ಎಂದಳು.

ಜಾತಕ ಕೂಡಲಿಲ್ಲ ಎಂದು ಮೂರು ದಿನಕ್ಕೆ ನಮ್ಮ ಮನೆಗೆ ಹೇಳಿ ಕಳಿಸಿದರು.

ತಂಗಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವಳು ಹೇಳಿದಳು:

"ನಿಂದು ನೀ ಹೇಳ್ಕೊಂಡಿ, ಛಲೋ ಆತು. ನನಗೂ ಗೊತ್ತಿತ್ತು ಅನ್ನೂದು ನಂದು, ಅದನ್ನ ನನಗ ಬಿಡಬೇಕಿತ್ತಕ್ಕ. ಅವರು ನನ್ನ ಬಂದು ಕೇಳಿದ್ರ ನಾನ ಹೇಳ್ತಿದ್ದೆ."

ಈಗ ಅವಳು ಕುಷ್ಟಗಿಯಲ್ಲಿ ಗಂಡನ ಜೊತೆ ಚೆನ್ನಾಗಿಯೇ ಇದ್ದಾಳೆ. ಹೋದರೆ ಬಿಸಿ ರೊಟ್ಟಿ ಹಾಕುತ್ತಾಳೆ. ಯಾವುದಾದರೂ ಗುಟ್ಟಿನ ಮಾತು ಬಂದರೆ ಮಾತ್ರ ನಾನು ಎದ್ದು ಹೊರಗೆ ಹೋಗುವವರೆಗೆ ಸುಮ್ಮನಿರುತ್ತಾಳೆ.