ಕೌದಿಗೆ ಕಾಲು ಕಿಲೋ ಉಪ್ಪು

ಹೆರಿಗೆಗೆಂದು ಕೇಶ್ವಾಪುರದ ನಮ್ಮ ಮನೆಗೆ ಬಂದ ಮಗಳು ಚೀಲ ಇಳಿಸುವ ಮೊದಲೇ ಹೇಳಿಬಿಟ್ಟಳು: "ಕೂಸಿನ ಕೌದಿ ಕಾಕೂನ ಮಾಡ್ಲಿ ಯವ್ವಾ. ಆಕಿ ಕೈಯಾಗ ಬಣ್ಣ ಭಾಳ ಛಲೋ ಕುಂದರ್ತೈತಿ."

ಕಾಕು ಎಂದರೆ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಧಾರವಾಡದಲ್ಲಿದ್ದಾಳೆ. ಹಳೆಯ ಧೋತರಗಳಿಗೆ ಮನೆಯಲ್ಲೇ ಬಣ್ಣ ಹಾಕಿ, ತುಂಡು ಜೋಡಿಸಿ ಕೌದಿ ಹೊಲಿಯುತ್ತಾಳೆ. ನನ್ನ ಹೊಲಿಗೆಯೇನು ಕಡಿಮೆಯೇ? ಆದರೂ ಹೆತ್ತ ಮಗಳಿಗೆ ಅವಳೇ ಬೇಕು. ಹೊಟ್ಟೆ ಉರಿಯಿತು, ಮುಚ್ಚಿಡುವುದೇನಿದೆ.

"ನನ್ನ ಮೊಮ್ಮಗುವಿನ ಕೌದಿ ನಾನ ಹೊಲಿಯಾಕಿ" ಎಂದೆ.

ಬಣ್ಣದ ವಿಷಯ ಮಾತ್ರ ನೆಗೆಣ್ಣಿಯನ್ನೇ ಕೇಳಬೇಕಾಯಿತು. ಫೋನಿನಲ್ಲಿ ಎಲ್ಲ ಹೇಳಿದಳು: "ಬಣ್ಣದ ನೀರಿಗೆ ಕಾಲು ಕಿಲೋ ಗ್ಲಾಬರ್ ಉಪ್ಪು ತೂಗಿ ಹಾಕ್ರಿ ಅಕ್ಕಾ. ನೀರಾಗಿನ ಬಣ್ಣ ಧೋತರಕ್ಕ ಹತ್ತೂದು ಅದರಿಂದನ. ಆಮ್ಯಾಲೆ ಸೋಡಾ."

ಅಂಗಡಿಯಿಂದ ಕಲ್ಲುಸಕ್ಕರೆಯಂತೆ ಹೊಳೆಯುವ ಉಪ್ಪು ತಂದೆ, ತೂಗಿ ಹಾಕಿದೆ. ಕೆಂಪೆಲ್ಲ ಬಕೆಟ್ಟಿನ ನೀರಲ್ಲೇ ಉಳಿಯಿತು, ಧೋತರಕ್ಕೆ ಬಂದದ್ದು ಪೇಲವ ಗುಲಾಬಿ. ಮಗಳು ನೋಡಿ, ಅದನ್ನು ಮಡಚಿ ಮೂಲೆಗಿಟ್ಟಳು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ನೆಗೆಣ್ಣಿ ಏನನ್ನೋ ಬಚ್ಚಿಟ್ಟಿದ್ದಾಳೆ ಎಂದುಕೊಂಡು ಮರುದಿನವೇ ಧಾರವಾಡದ ಬಸ್ಸು ಹತ್ತಿದೆ. ಅವಳು ನಗುತ್ತಲೇ ತನ್ನ ಡಬ್ಬಿ ಇಳಿಸಿಕೊಟ್ಟಳು. "ಬೇಕಾದ್ರ ಇದನ್ನ ಒಯ್ರಿ ಅಕ್ಕಾ. ಮುಚ್ಚಳ ಕಳದು ಭಾಳ ದಿನ ಆತು." ಒಳಗೆ ಹರಳಿರಲಿಲ್ಲ, ಹಿಟ್ಟಿನಂಥ ಬಿಳಿ ಪುಡಿ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಗ್ಲಾಬರ್ ಉಪ್ಪು ಎಂಬ ಸೋಡಿಯಂ ಸಲ್ಫೇಟಿನ ಹರಳಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ, ಒಣ ಗಾಳಿಗೆ ತೆರೆದಿಟ್ಟರೆ ಆ ನೀರು ಹಾರಿ ಹರಳು ಪುಡಿಯಾಗುತ್ತದೆ ಎಂದು ಎಷ್ಟು ಮಕ್ಕಳಿಗೆ ಬರೆಸಿದ್ದೇನೋ! ಅವಳು ತೂಗುತ್ತಿದ್ದುದು ಬರೀ ಉಪ್ಪು, ನಾನು ತೂಗಿದ್ದು ಬಹುಪಾಲು ನೀರು. ಪಾಪ, ಅವಳು ಏನನ್ನೂ ಬಚ್ಚಿಟ್ಟಿರಲಿಲ್ಲ. ಅದರಿಂದ ಇನ್ನೂ ಸಿಟ್ಟು ಬಂತು.

ಡಬ್ಬಿ ಅಲ್ಲೇ ಬಿಟ್ಟು ಬಂದೆ. ನನ್ನ ಹರಳನ್ನೇ ಎರಡು ಪಾಲಿಗಿಂತ ಹೆಚ್ಚು ಹಾಕಿ, ಮಗಳಿಗೆ ಕಾಣದಂತೆ ಮಾಳಿಗೆಯ ಮೇಲೆ ಮತ್ತೆ ಬಣ್ಣ ಕಟ್ಟಿದೆ. ಈ ಸಲ ಧೋತರ ದಾಳಿಂಬೆ ಕಾಳಿನಷ್ಟು ಕೆಂಪಾಯಿತು. ಅಲ್ಲೇ ಕೂತು ಹೊಲಿದು ಮುಗಿಸಿದೆ.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಕೌದಿ ಹಾಸಿದೆ. ಮಗಳು ಅದನ್ನು ಸವರಿ, ಪಕ್ಕದಲ್ಲಿದ್ದ ನೆಗೆಣ್ಣಿಯ ಕೈ ಹಿಡಿದಳು. "ಕಾಕೂ, ಎಂಥಾ ಬಣ್ಣ ಹಾಕಿದಿ!"

ನಾನು ಬಾಯಿ ತೆರೆಯುವಷ್ಟರಲ್ಲಿ ನೆಗೆಣ್ಣಿಯೇ ಅಂದಳು: "ನಾ ಅಲ್ಲವಾ, ನಿಮ್ಮವ್ವಾರು ಮಾಡ್ಯಾರ. ನನಗ ಇಷ್ಟು ಛಂದ ಬರಂಗಿಲ್ಲ."

ಮಗಳು ಅವಳನ್ನೇ ತಬ್ಬಿಕೊಂಡು ಬಂದವರಿಗೆಲ್ಲ ಕೇಳುವಂತೆ ಹೇಳಿದಳು: "ನೋಡ್ರಿ, ತಾ ಮಾಡಿ ಅವ್ವನ ಹೆಸರು ಹೇಳ್ತಾಳ, ನಮ್ಮ ಕಾಕೂಂದು ಎಷ್ಟು ದೊಡ್ಡ ಮನಸ್ಸು!"

ನಾನು ತೊಟ್ಟಿಲು ತೂಗುತ್ತ ನಿಂತೆ.