ವೈನಿಯ ಗುಳಿಗೆ, ಬಂದವರ ಚಹಾ

ಹೋದ ಭಾನುವಾರ ಗಜೇಂದ್ರಗಡದ ನಮ್ಮ ಅಣ್ಣನ ಮನೆಯಲ್ಲಿ ಸಕ್ಕರೆ ಖಾಲಿ.

ಅದರಲ್ಲೇನು ವಿಶೇಷ ಅಂತೀರಾ? ಅಣ್ಣನದು ಕಿರಾಣಿ ಅಂಗಡಿ ಕಣ್ರೀ! ಅಂಗಡಿಯ ಸಕ್ಕರೆ ಚೀಲವೂ ಖಾಲಿ. ನಾನು ರೋಣದಿಂದ ಬಸ್ಸಿಳಿದು ಹೋದಾಗ, ಅಣ್ಣ ಎದುರಿನ ಅಂಗಡಿಯಲ್ಲಿ ಸಕ್ಕರೆ ಕೊಂಡು ಟವೆಲ್ಲಿನಡಿ ಮುಚ್ಚಿಕೊಂಡು ಬರುತ್ತಿದ್ದ. (ಎದುರಿನ ಅಂಗಡಿಯವನ ಮುಖದ ಸಂತೋಷ ನೀವು ನೋಡಬೇಕಿತ್ತು.)

“ಎಲ್ಲಾ ಮಾತಾಡ್ಸಾಕ ಬಂದೋರು ಕುಡದ್ರು ನೋಡವಾ,” ಎಂದ.

ನಮ್ಮ ಕಡೆ ಯಾರಿಗಾದರೂ ದೊಡ್ಡ ಜಡ್ಡು ಬಂದರೆ ನಾವು ನೋಡಲು ಹೋಗುವುದಿಲ್ಲ, ‘ಮಾತಾಡಿಸಲು’ ಹೋಗುತ್ತೇವೆ. ಒಬ್ಬರೇ ಹೋದರೆ ಮರ್ಯಾದೆಯಲ್ಲ, ಟಂಟಂ ಆಟೋ ತುಂಬ ಮಂದಿ ಹೋಗಬೇಕು. ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು, ಬಾಯಲ್ಲಿ ಇಂಥದೇ ಜಡ್ಡಿನಿಂದ ಸತ್ತವರ ಕಥೆಗಳು. ಮನೆಯವರು ಚಹಾ ಮಾಡಬೇಕು. ಊಟದ ಹೊತ್ತಾದರೆ ರೊಟ್ಟಿ ಬಡಿಯಬೇಕು. ಬಡಿಯುವವರು ಯಾರು? ಜಡ್ಡು ಬಿದ್ದವರೇ!

ನಮ್ಮ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಎದೆಯ ಕ್ಯಾನ್ಸರ್ ಆಗಿತ್ತು. ಆಪರೇಷನ್ ಹುಬ್ಬಳ್ಳಿಯಲ್ಲಿ ಸರಕಾರದ ಕಾರ್ಡಿನ ಮೇಲೆ ಆಯಿತು. ಈಗ ಆರಾಮ. ಆದರೆ ಡಾಕ್ಟರು ಒಂದು ಕರಾರು ಹಾಕಿದ್ದಾರೆ. ದಿನಕ್ಕೊಂದು ಗುಳಿಗೆ, ವರ್ಷಗಟ್ಟಲೆ. ಒಂದು ದಿನವೂ ತಪ್ಪುವಂತಿಲ್ಲ, ತಪ್ಪಿದರೆ ಹೋದದ್ದು ತಿರುಗಿ ಬಂದೀತು. ಆ ಗುಳಿಗೆ ಮಾತ್ರ ಕಾರ್ಡಿಗೆ ಬರುವುದಿಲ್ಲ, ಕೈಯಿಂದ ಕೊಡಬೇಕು. ಭಾಳ ತುಟ್ಟಿ.

ಅವತ್ತೇ ಒಬ್ಬ ಹುಡುಗಿ ಸರ್ವೆಗೆ ಬಂದಳು. ಬಡ ದೇಶಗಳಲ್ಲಿ ಕ್ಯಾನ್ಸರ್ ಬಂದರೆ ಮನೆತನದ ಮೇಲೆ ಎಷ್ಟು ಭಾರ ಬೀಳುತ್ತದೆ ಅಂತ ಅಳೆಯುತ್ತಾರಂತೆ. ಬಂದವಳೇ ಕೈಯಲ್ಲಿದ್ದ ಯಂತ್ರ ತೋರಿಸಿ, “ಟ್ಯಾಬ್ಲೆಟ್ಟಿಗೆ ಚಾರ್ಜ್ ಹಾಕ್ಲೇನ್ರಿ ಅಕ್ಕಾರ?” ಅಂದಳು.

ವೈನಿ ಹೌಹಾರಿದರು. “ಯವ್ವಾ, ಗುಳಿಗಿ ರೇಟ್ ಸಾಲ್ದಂತ ಮ್ಯಾಲ ಚಾರ್ಜ್ ಬ್ಯಾರೆ ಹಾಕ್ತೀರೇನು?”

ನಾವು ನಕ್ಕು ನಕ್ಕು ಸುಸ್ತಾದೆವು. ಆಮೇಲೆ ಹುಡುಗಿ ಅಣ್ಣನ ಕಡೆ ತಿರುಗಿದಳು. “ಒಟ್ಟ ಖರ್ಚ ಎಷ್ಟಾತ್ರಿ ಸರ್?”

“ಏನೂ ಆಗಿಲ್ಲ. ಬರ್ಕೋರಿ.”

“ಏನೂ?”

“ಹೇಂತಿಗಿ ಮಾಡಿದ್ದಕ್ಕ ಖರ್ಚ ಅಂತಾರೇನ್ರಿ? ಮಂದಿಗಿ ಮಾಡಿದ್ರ ಖರ್ಚ.”

“ಹಂಗಾರ ಬಂದ ಮಂದಿಗಿ ಚಾ-ಪಾನಿ?”

“ಅದು ಅಂಗಡಿ ಮಾಲು. ರೊಕ್ಕಾ ಕೊಟ್ಟು ತಂದಿಲ್ಲ.”

“ಹುಬ್ಬಳ್ಳಿಗಿ ಓಡಾಡಿದ್ದು?”

“ಗೆಳ್ಯಾನ ಗಾಡಿ.”

“ಡೀಸೆಲ್?”

“ನಾನ ಹಾಕಿಸಿದ್ನಿ. ಗೆಳ್ಯಾಗ ಹಾಕಿಸಿದ್ದು ಜಡ್ಡಿನ ಖರ್ಚ ಹ್ಯಾಂಗಾಕ್ಕೈತ್ರಿ?”

ಹುಡುಗಿ ಸೋತು ಹೋದಳು. “ಸರ್, ಬರೇ ಸೊನ್ನಿ ಹಾಕಿದ್ರ ಇದು ಮುಂದ ಹೋಗವಲ್ದು!” ಹೋಗುವುದಾದರೂ ಹೇಗೆ? ಆ ಯಂತ್ರ ಮಾಡಿದವರಿಗೆ ನಮ್ಮ ಕಡೆಯ ಗಂಡಸರ ಅರ್ಥಶಾಸ್ತ್ರ ಗೊತ್ತಿರಲಿಕ್ಕಿಲ್ಲ. ಮನೆಯವರ ಮೇಲೆ ಹಾಕಿದ ದುಡ್ಡನ್ನು ಲೆಕ್ಕ ಹೇಳಿದರೆ ಇವರ ಮೀಸೆ ಮಣ್ಣಾಗುತ್ತದೆ.

ಕೊನೆಗೆ ಒಂದು ಪ್ರಶ್ನೆ ಬಂತು. “ರೊಕ್ಕದ ಸಲುವಾಗಿ ಔಷಧ ಬಿಟ್ಟಿದ್ದು ಏನರ ಐತೇನ್ರಿ?”

“ಛೇ ಛೇ! ಏನ್ ಮಾತಾಡ್ತೀರಿ?” ಅಣ್ಣನಿಗೆ ಸಿಟ್ಟೇ ಬಂತು.

“ಅಕ್ಕಾರ, ನೀವ ಹೇಳ್ರಿ.”

ವೈನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. “ಬಿಟ್ಟಿಲ್ರಿ. ಮೂರ್ನಾಕ ತಿಂಗ್ಳಿಂದ ಒಂದಿನಾ ಬಿಟ್ಟು ಒಂದಿನಾ ತಗೋತೀನಿ. ಲಗೂ ಮುಗೀಬಾರ್ದಲ್ರಿ?”

ಅಣ್ಣ ಕೂತಲ್ಲಿಂದ ಎದ್ದು ನಿಂತ.

“ಮತ್ತೇನ್ ಮಾಡ್ಲಿ? ಅಂಗಡಿ ರೊಕ್ಕಾ ಚಾಕ್ಕ ಸಾಲವಲ್ದು, ಗುಳಿಗಿಗಿ ಎಲ್ಲಿಂದ ತರೂದು? ಬಂದೋರಿಗಿ ಚಾ ಇಲ್ಲನ್ನಾಕ ಬರ್ತೈತೇನು? ಮನಿ ಮಾನಾ ಹೋಗೂದಿಲ್ಲೇನು?” ಎಂದರು ವೈನಿ.

ನನಗೆ ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯಲಿಲ್ಲ. (ಅಷ್ಟರಲ್ಲಿ ನಾನೂ ಎರಡು ಕಪ್ ಕುಡಿದಾಗಿತ್ತು.)

ಆಗಲೇ ಹೊರಗೆ ಟಂಟಂ ಹಾರ್ನ್. ಹೊಳೆಆಲೂರಿನ ನಮ್ಮ ಸೋದರತ್ತೆ! ಹಿಂದೆ ಓಣಿಗೆ ಓಣಿಯೇ ಇಳಿಯುತ್ತಿದೆ. ವೈನಿ ಅಭ್ಯಾಸಬಲದಿಂದ ದೊಡ್ಡ ಪಾತ್ರೆಗೆ ಕೈ ಹಾಕಿದರು. ಅಣ್ಣ ಅದನ್ನು ಕಿತ್ತುಕೊಂಡು, ಕಂಕುಳಲ್ಲಿ ಇಟ್ಟುಕೊಂಡೇ ಬಾಗಿಲಿಗೆ ಹೋದ.

“ಬಾ ಅತ್ತಿ, ಬರ್ರಿ ಎಲ್ಲಾರೂ. ಕುಂದರ್ರಿ, ಮಾತಾಡ್ಸ್ರಿ. ಚಾ ಮಾತ್ರ ಇಲ್ಲ.”

“ಯಾಕೋ, ಸಕ್ಕರಿ ತೀರೇತೇನು?”

“ಸಕ್ಕರಿ ಐತಿ. ಚಾಪುಡಿ ಐತಿ. ಹಾಲೂ ಐತಿ. ಚಾ ಇಲ್ಲ.”

ಅತ್ತೆ ಅವನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ವೈನಿ ಬಾಯಿಗೆ ಸೆರಗು ತುರುಕಿಕೊಂಡು ಗೋಡೆಗೆ ತಿರುಗಿ ನಗತೊಡಗಿದರು. ಸರ್ವೆ ಹುಡುಗಿಗೂ ತಡೆಯಲಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ವೈನಿ ಹಾಗೆ ಮೈ ಕುಲುಕಿಸಿ ನಕ್ಕದ್ದನ್ನು ನೋಡಿ ನನಗೂ ಕುಣಿಯಬೇಕೆನಿಸಿತು. ಅಣ್ಣ ಎಲ್ಲರ ಎದುರೇ ಗುಳಿಗೆ, ನೀರು ತಂದುಕೊಟ್ಟ. ನುಂಗುವವರೆಗೂ ಮುಂದೆ ನಿಂತಿದ್ದ. “ನಾಳೆ ಮುಂಜಾನಿಂದ ನನ್ನ ಮುಂದನ ತಗೋಬೇಕು, ದಿನಾ,” ಎಂದ.

ಅತ್ತೆಯ ಪಟಾಲಂ ಬಾಳೆಹಣ್ಣು ಇಟ್ಟು ಎದ್ದಿತು. ಒಬ್ಬರು ಅರ್ಧ ಡಜನ್ ವಾಪಸ್ ತೆಗೆದುಕೊಂಡರೆಂದು ವೈನಿಯ ಆರೋಪ. ನಾನು ನೋಡಲಿಲ್ಲ.

ಸಂಜೆ ಬಸ್ಸಿನಲ್ಲಿ ಕೂತಿದ್ದೇ ತಡ, ಫೋನುಗಳ ಸುರಿಮಳೆ. ನರಗುಂದದ ಬೀಗರು: “ನಿಮ್ಮಣ್ಣ ಚಾನೂ ಕೊಡ್ಲಿಲ್ಲಂತ, ಖರೇ ಏನ್ರಿ?” ಮುಶಿಗೇರಿಯ ಚಿಗವ್ವ: “ತಲಿ ಕೆಟ್ಟೈತೇನಬೇ ಅವಂದು?” ರೋಣದ ಸ್ಟ್ಯಾಂಡಿನಲ್ಲಿ ಇಳಿದರೆ ನಮ್ಮ ಪಕ್ಕದ ಮನೆಯವರೂ ಅದನ್ನೇ ಕೇಳಿದರು.

ತಿಂಗಳುಗಟ್ಟಲೆ ವೈನಿಗೆ ಗುಳಿಗೆ ತಪ್ಪಿದ್ದು ಪಕ್ಕದಲ್ಲಿ ಮಲಗುವ ಗಂಡನಿಗೂ ಗೊತ್ತಾಗಲಿಲ್ಲ. ಅತ್ತೆಗೆ ಒಂದು ಕಪ್ ಚಹಾ ತಪ್ಪಿದ್ದು ಮಾತ್ರ ಒಂದೇ ಸಂಜೆಗೆ ಮೂರು ತಾಲೂಕಿಗೆ ಗೊತ್ತಾಯಿತು ನೋಡಿ!